ನಮ್ಮ ಮನೆಗೆ ಗೇಟೇ ಇಲ್ಲ

ಭಾಗ 1/10

ಮೊದಲನೇ ಫೋಟೋ ನನ್ನ ಬಲಗೈ. ಫಿಲ್ಟರ್ ಹಾಕಿಲ್ಲ. ಮೂರು ಗೆಣ್ಣು ಇರಬೇಕಾದ ತೋರುಬೆರಳಲ್ಲಿ ಒಂದೇ ಉಳಿದಿದೆ.

ಎರಡನೇದು ಒಂದು ರೀಲ್‌ನ ಸ್ಕ್ರೀನ್‌ಶಾಟ್. ಹೋದ ವಾರ ನಿಮ್ಮಲ್ಲೇ ನಾಲ್ಕು ಜನ ನನಗೆ ಕಳಿಸಿದ್ರಿ. ಬೈಕು ಮೇನ್ ಸ್ಟಾಂಡ್ ಮೇಲಿದೆ, ಇಂಜಿನ್ ಆನ್, ಫಸ್ಟ್ ಗೇರ್, ಹಿಂದಿನ ಚಕ್ರ ತಿರುಗ್ತಾ ಇದೆ. ಹುಡುಗ ಒಂದು ತುಂಡು ಬಟ್ಟೆ ಹಿಡಿದು ಓಡ್ತಿರೋ ಚೈನಿಗೆ ಒತ್ತುತ್ತಾನೆ. ಹತ್ತು ಸೆಕೆಂಡಲ್ಲಿ ಚೈನು ಫಳಫಳ. ಹಿಂದೆ ಮಾಸ್ ಬಿಜಿಎಂ. ಕೆಳಗೆ ಕಾಮೆಂಟು: "ಬಾಸ್ ಕೈಚಳಕ ನೋಡ್ರೋ".

ಆ ಹುಡುಗನ ಹೆಸರು ಮುಚ್ಚಿದ್ದೀನಿ. ನನ್ನ ಜಗಳ ಅವನ ಜೊತೆ ಅಲ್ಲ. ಮೂರು ವರ್ಷದ ಹಿಂದೆ ನಾನೇ ಆ ಹುಡುಗ. ಅದೇ ಸ್ಟಾಂಡು, ಅದೇ ಗೇರು, ಅದೇ ಬಟ್ಟೆ.

ಈ ಹತ್ತು ಪೋಸ್ಟ್ "ಹುಷಾರಾಗಿರಿ ಫ್ರೆಂಡ್ಸ್" ಅಂತ ಹೇಳೋಕಲ್ಲ. ಆ ಬೋರ್ಡು ಎಲ್ಲಾ ಗ್ಯಾರೇಜಲ್ಲೂ ಇರುತ್ತೆ, ಅದರ ಮೇಲೆ ಗ್ರೀಸ್ ಕೈಯ ಗುರುತೂ ಇರುತ್ತೆ. ನಾನು ಹೇಳಬೇಕಾಗಿರೋದು ಬೆರಳು ಹೋದ ಮೇಲೆ ಏನಾಗುತ್ತೆ ಅನ್ನೋದು. ಯಂತ್ರ ಕಿತ್ತುಕೊಂಡಿದ್ದು ಬೆರಳನ್ನ ಮಾತ್ರ. ಉಳಿದದ್ದನ್ನ ಆಮೇಲೆ ನಮ್ಮ ಕೈಯಿಂದಲೇ ಬರೆಸಿಕೊಂಡು, ನಮ್ಮ ಬಾಯಿಂದಲೇ ಹೇಳಿಸಿಕೊಂಡು ಕಿತ್ತುಕೊಳ್ತಾರೆ. ಅದೂ ಪ್ರೀತಿಯಿಂದ, ಹೆಗಲ ಮೇಲೆ ಕೈಯಿಟ್ಟು.

ಐಟಿಐ, ಡಿಪ್ಲೊಮಾ ಹುಡುಗರು ಓದಲೇಬೇಕು. ಗ್ಯಾರೇಜಿನ ಸಹವಾಸವೇ ಇಲ್ಲದವರೂ ಓದಿ. ನಿಮ್ಮ ಬೈಕು ಓಡ್ತಿರೋದು ಯಾರದೋ ಕೈಯಿಂದ.

ಭಾಗ 2/10

2022. ಆಯುಧಪೂಜೆಗೆ ಎರಡು ದಿನ ಇತ್ತು. ನಾನು ಐಟಿಐಯಲ್ಲಿ ಎಂಎಂವಿ ಮುಗಿಸಿ, ತುಮಕೂರಿನ ಒಂದು ಗ್ಯಾರೇಜಿಗೆ ಸೇರಿ ಹದಿನಾಲ್ಕು ತಿಂಗಳಾಗಿತ್ತು. ವಯಸ್ಸು 19. ಸಂಬಳ 10,000.

ಆ ವಾರ ಗ್ಯಾರೇಜು ಹೇಗಿರುತ್ತೆ ಅಂತ ಕೆಲಸ ಮಾಡಿದವರಿಗೆ ಗೊತ್ತು. ಊರಲ್ಲಿರೋ ಬೈಕೆಲ್ಲಾ ಪೂಜೆಗೆ ಮಿಂಚಬೇಕು. ಬಾಗಿಲಲ್ಲಿ ಇಪ್ಪತ್ತು ಗಾಡಿ, ಒಳಗೆ ನಾಲ್ಕು ಜನ. ಚೈನ್ ಕ್ಲೀನ್ ಮಾಡೋಕೆ ಸರಿಯಾದ ಕ್ರಮ ಇದೆ: ಇಂಜಿನ್ ಆಫ್, ನ್ಯೂಟ್ರಲ್, ಕೀ ತೆಗೆದು ಜೇಬಲ್ಲಿ, ಚಕ್ರವನ್ನ ಕೈಯಿಂದ ನಿಧಾನಕ್ಕೆ ತಿರುಗಿಸಿ ಬ್ರಷ್ ಹಾಕೋದು. ಐಟಿಐಯಲ್ಲಿ ಸರ್ ಕಲಿಸಿದ್ದು ಅದನ್ನೇ. ಒಂದು ಗಾಡಿಗೆ ಹತ್ತು ನಿಮಿಷ ಹಿಡಿಯುತ್ತೆ. ಇಂಜಿನ್ ಆನ್ ಮಾಡಿ ಗೇರಿಗೆ ಹಾಕಿದ್ರೆ ಎರಡೇ ನಿಮಿಷ. ಓನರ್ ಅಣ್ಣ ಕಲಿಸಿದ್ದು ಇದನ್ನ.

ಈಗ ಒಂದು ಲೆಕ್ಕ ಹೇಳ್ತೀನಿ, ಮೆಕ್ಯಾನಿಕಲ್‌ನವರು ಚೆಕ್ ಮಾಡ್ಕೊಳ್ಳಿ. 150 ಸಿಸಿ ಬೈಕು ಐಡ್ಲ್‌ನಲ್ಲಿ ಸುಮಾರು 1,400 ಆರ್‌ಪಿಎಂ. ಫಸ್ಟ್ ಗೇರಲ್ಲಿ ಹಿಂದಿನ ಚಕ್ರಕ್ಕೆ ಬರೋ ಹೊತ್ತಿಗೆ ಅಂದಾಜು ನಿಮಿಷಕ್ಕೆ 50 ಸುತ್ತು. ನೋಡೋಕೆ ತುಂಬಾ ನಿಧಾನ. ಹಿಂದಿನ ಸ್ಪ್ರಾಕೆಟ್‌ಗೆ 42 ಹಲ್ಲು, ಚೈನಿನ ಪಿಚ್ 12.7 ಮಿಲಿಮೀಟರ್ ಅಂತ ಹಿಡಿದ್ರೆ ಚೈನು ಸೆಕೆಂಡಿಗೆ 44 ಸೆಂಟಿಮೀಟರ್ ಓಡುತ್ತೆ. ಬೆರಳು ಹಲ್ಲಿನಿಂದ ಐದು ಸೆಂಟಿಮೀಟರ್ ದೂರ ಇರುವಾಗ ಬಟ್ಟೆ ಸಿಕ್ಕಿಕೊಂಡ್ರೆ ನಿಮಗೆ ಇರೋ ಟೈಮು ಸೆಕೆಂಡಿನ ಹತ್ತನೇ ಒಂದು ಭಾಗ. ಮನುಷ್ಯ ನೋಡಿ, ಗೊತ್ತಾಗಿ, ಕೈ ಎಳೆದುಕೊಳ್ಳೋಕೆ ಅದರ ಎರಡರಷ್ಟು ಬೇಕು.

ಅಂದ್ರೆ ಕೈಚಳಕ ಅನ್ನೋದು ಅಲ್ಲಿ ಇಲ್ಲವೇ ಇಲ್ಲ. ರೀಲ್ ಮಾಡಿದ ಹುಡುಗನ ಬೆರಳು ಉಳಿದಿರೋದು ಅವತ್ತು ಬಟ್ಟೆಯ ನೂಲು ಸಿಕ್ಕಿಕೊಳ್ಳಲಿಲ್ಲ ಅನ್ನೋ ಒಂದೇ ಕಾರಣಕ್ಕೆ.

ನನ್ನ ಬಟ್ಟೆ ಸಿಕ್ಕಿಕೊಳ್ತು. ಅವತ್ತಿಗೆ ಅದು ಹದಿಮೂರನೇ ಬೈಕು.

ಭಾಗ 3/10

ಈ ಫೋಟೋದಲ್ಲಿರೋದು ನಮ್ಮ ಮನೆ. ಶೀಟಿನ ಮನೆ, ಮುಂದೆ ತುಳಸಿಕಟ್ಟೆ, ಅದರ ಮುಂದೆ ರಸ್ತೆ. ಚೆನ್ನಾಗಿ ನೋಡಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ಓನರ್ ಅಣ್ಣನೇ ನನ್ನ ಬೈಕಲ್ಲಿ ಕೂರಿಸ್ಕೊಂಡು ಆಸ್ಪತ್ರೆಗೆ ಹೊರಟ. ಸುಳ್ಳು ಹೇಳಲ್ಲ, ಅವನ ಕೈ ನಡುಗ್ತಿತ್ತು. ದಾರಿಯಲ್ಲಿ ಮೂರು ಸಲ "ಏನೂ ಆಗಲ್ಲ ಕಣೋ, ನಾನಿದ್ದೀನಿ" ಅಂದ. ಆಸ್ಪತ್ರೆ ಗೇಟಿನ ಹತ್ರ ಗಾಡಿ ನಿಲ್ಲಿಸಿ, ದನಿ ಇಳಿಸಿ, ನಾಲ್ಕನೇ ಮಾತು ಹೇಳಿದ:

"ನೋಡು, ಡಾಕ್ಟ್ರು ಕೇಳಿದ್ರೆ ಮನೆ ಗೇಟಿಗೆ ಸಿಕ್ಕಿತು ಅನ್ನು. ಗ್ಯಾರೇಜು ಅಂದ್ರೆ ಪೊಲೀಸ್ ಕೇಸಾಗುತ್ತೆ. ಟ್ರೀಟ್‌ಮೆಂಟ್ ಲೇಟಾಗುತ್ತೆ. ಬೆರಳು ಉಳಿಸ್ಕೋಬೇಕು ತಾನೇ?"

ಕ್ಯಾಶುಯಾಲ್ಟಿಯಲ್ಲಿ ಡಾಕ್ಟ್ರು ಕೇಳಿದ್ರು: ಹೇಗಾಯ್ತು?

ನಾನು ಹೇಳಿದೆ: ಮನೆ ಗೇಟಿಗೆ ಸಿಕ್ಕಿತು ಸಾರ್.

ನನ್ನ ಕೈಯೆಲ್ಲಾ ಗ್ರೀಸು. ಅವರು ಕೈ ನೋಡಿದ್ರು, ನನ್ನ ಮುಖ ನೋಡಿದ್ರು, ಚೀಟಿಯಲ್ಲಿ ನಾನು ಹೇಳಿದ್ದನ್ನೇ ಬರೆದ್ರು. ಒಂದೇ ಒಂದು ಸಾಲು. ಬೆರಳು ಪೂರಾ ಜಜ್ಜಿ ಹೋಗಿತ್ತು, ಸೇರಿಸೋಕೆ ಆಗಲಿಲ್ಲ.

ಆ ಸಾಲನ್ನ ಅಳಿಸೋಕೆ ನಾನು ಇವತ್ತಿಗೂ ಕೋರ್ಟಿಗೆ ಅಲೀತಿದ್ದೀನಿ.

ಈಗ ಫೋಟೋ ಮತ್ತೊಂದು ಸಲ ನೋಡಿ. ನಮ್ಮ ಮನೆಗೆ ಗೇಟೇ ಇಲ್ಲ.

ಇದನ್ನ ತಲೇಲಿ ಇಟ್ಕೊಳ್ಳಿ: ಕೆಲಸದಲ್ಲಿ ಗಾಯ ಆಯ್ತು ಅಂತ ನಿಜ ಹೇಳಿದ್ರೆ ಚಿಕಿತ್ಸೆ ನಿಲ್ಲಲ್ಲ. ಆಸ್ಪತ್ರೆಯವರು ಎಂಎಲ್‌ಸಿ ಅಂತ ರಿಜಿಸ್ಟರಲ್ಲಿ ಬರೆದು, ಪೊಲೀಸರಿಗೆ ಮಾಹಿತಿ ಕೊಡ್ತಾರೆ. ಅದು ಕಾಗದದ ಕೆಲಸ. ಹೊಲಿಗೆ ಹಾಕೋ ಕೈ ಅದಕ್ಕೆ ಕಾಯಬೇಕಾಗಿಲ್ಲ. "ಲೇಟಾಗುತ್ತೆ" ಅನ್ನೋದು ನಿಮ್ಮ ನೋವಿನ ಹೊತ್ತಲ್ಲಿ ನಿಮಗೆ ಹಾಕೋ ಹೆದರಿಕೆ.

ಭಾಗ 4/10

ಆಸ್ಪತ್ರೆ ಬಿಲ್ಲು ಓನರ್ ಅಣ್ಣನೇ ಕಟ್ಟಿದ. ಮನೆಗೆ ಬರುವಾಗ ಸೇಬು, ಮೂಸಂಬಿ ತಂದ. ಅಮ್ಮನ ಮುಂದೆ ಕಣ್ಣೀರು ಹಾಕಿದ. "ಇವನು ನನ್ನ ತಮ್ಮ ಇದ್ದಂಗೆ ಅಕ್ಕ. ಜೀವನ ಪೂರ್ತಿ ನಾನು ನೋಡ್ಕೋತೀನಿ" ಅಂದ. ಅಮ್ಮ ಅವನಿಗೇ ಸಮಾಧಾನ ಮಾಡಿ, ಕಾಫಿ ಕೊಟ್ಟು ಕಳಿಸಿದ್ಳು.

ಹದಿನೈದು ದಿನಕ್ಕೆ ಮತ್ತೆ ಬಂದ. ಜೊತೆಗೆ ಇನ್ನೊಬ್ಬರು, ಒಂದು ಸ್ಟಾಂಪ್ ಪೇಪರ್, 20,000 ರೂಪಾಯಿ. "ಸುಮ್ನೆ ಫಾರ್ಮಾಲಿಟಿ" ಅಂದ್ರು. ನನ್ನ ಬಲಗೈಗೆ ಬ್ಯಾಂಡೇಜ್ ಇತ್ತಲ್ಲ, ಎಡಗೈ ಹೆಬ್ಬೆಟ್ಟು ಒತ್ತಿಸ್ಕೊಂಡ್ರು. ಅದರಲ್ಲಿ ಏನಿತ್ತು ಅಂತ ಆಮೇಲೆ ಗೊತ್ತಾಯ್ತು: ನನ್ನ ಅಜಾಗರೂಕತೆಯಿಂದ ಗಾಯ ಆಗಿದೆ, ಮಾಲೀಕರು ಮಾನವೀಯತೆಯಿಂದ ಹಣ ಕೊಟ್ಟಿದ್ದಾರೆ, ಮುಂದೆ ಯಾವ ಕ್ಲೇಮೂ ಇಲ್ಲ.

ಆರು ವಾರ ಬಿಟ್ಟು ಕೆಲಸಕ್ಕೆ ಹೋದೆ. ನನ್ನ ಜಾಗದಲ್ಲಿ ಬೇರೆ ಹುಡುಗ ಇದ್ದ. ಅಣ್ಣ ಟೀ ತರಿಸಿದ. "ಕೈ ಪೂರ್ತಿ ವಾಸಿಯಾಗಲಿ, ಕರೀತೀನಿ" ಅಂದ. ಕರೀಲಿಲ್ಲ.

ನೀವು ಕೇಳ್ತೀರ: ಅವನು ಕೆಟ್ಟವನಾ? ಇಲ್ಲ. ಸಮಸ್ಯೆ ಇರೋದೇ ಅಲ್ಲಿ. ಕೆಟ್ಟವನಾಗಿದ್ರೆ ನಾನು ಮೊದಲ ದಿನವೇ ಜಗಳ ಆಡ್ತಿದ್ದೆ. ನಮ್ಮ ಗ್ಯಾರೇಜುಗಳಲ್ಲಿ ಓನರ್ ಅಂದ್ರೆ ಅಣ್ಣ, ಮೇಸ್ತ್ರಿ ಅಂದ್ರೆ ಗುರು. ಸಂಬಳ ಕೊಡೋದು ಅಣ್ಣನ ಪ್ರೀತಿ, ಕೆಲಸ ಕಲಿಸಿದ್ದು ಗುರುವಿನ ಋಣ. ಈ ಅಣ್ಣ-ತಮ್ಮ ಲೆಕ್ಕದಲ್ಲಿ ದುಡ್ಡು ಕೇಳಿದವನು ದ್ರೋಹಿ ಆಗ್ತಾನೆ. ಲಾಭ ಬಂದಾಗ ಅವನು ಓನರ್, ಬೆರಳು ಹೋದಾಗ ಅವನು ಅಣ್ಣ.

ಮಾನವೀಯತೆ ಒಳ್ಳೇದೇ. ಆದ್ರೆ ಅದು ಅವನ ಮನಸ್ಸಿಗೆ ಬಿಟ್ಟದ್ದು, ಇವತ್ತು ಇರುತ್ತೆ, ನಾಳೆ ಇರಲ್ಲ. ಹಕ್ಕು ಹಾಗಲ್ಲ, ಅವನ ಮನಸ್ಸು ಹೇಗಿದ್ರೂ ಅದು ಇರುತ್ತೆ. ನನಗೆ ಸೇಬು ಕೊಟ್ಟು ಹಕ್ಕು ತಗೊಂಡು ಹೋದ್ರು, ನಾನು ಥ್ಯಾಂಕ್ಸ್ ಹೇಳಿದೆ.

ಭಾಗ 5/10

ನಾನು ಆಮೇಲೆ ಡಿಪ್ಲೊಮಾಗೆ ಸೇರಿದೆ. 2024ರ ಶುರುವಿನಲ್ಲಿ ಕಾಲೇಜಿಗೆ ಕಾನೂನು ಸೇವಾ ಪ್ರಾಧಿಕಾರದವರು ಕಾನೂನು ಅರಿವು ಕಾರ್ಯಕ್ರಮಕ್ಕೆ ಬಂದಿದ್ರು. ನಮ್ಮ ಕ್ಲಾಸಲ್ಲಿ ಅರ್ಧ ಜನ ಹಿಂದೆ ಕೂತು ಗೇಮ್ ಆಡ್ತಿದ್ರಿ, ಜ್ಞಾಪಕ ಇದೆಯಾ? ಅವತ್ತು ಒಬ್ರು ವಕೀಲೆ ಮೇಡಂ ಹೇಳಿದ ಒಂದು ಮಾತಿಗೆ ನನ್ನ ಕಿವಿ ನೆಟ್ಟಗಾಯ್ತು: "ಕೆಲಸದಲ್ಲಿ ಗಾಯವಾದರೆ ತಪ್ಪು ಯಾರದು ಎಂದು ಕಾನೂನು ಮೊದಲು ಕೇಳುವುದಿಲ್ಲ."

1923ರಿಂದ ಒಂದು ಕಾಯ್ದೆ ಇದೆ, ನೌಕರರ ನಷ್ಟ ಪರಿಹಾರ ಕಾಯ್ದೆ. ನಮ್ಮ ಮುತ್ತಾತನ ಕಾಲದ್ದು, ನಮಗೆ ಮಾತ್ರ ಗೊತ್ತಿಲ್ಲ. ಅದರ ಸೆಕ್ಷನ್ 3 ಪ್ರಕಾರ ಕೆಲಸದಿಂದ, ಕೆಲಸದ ಸಮಯದಲ್ಲಿ ಅಪಘಾತವಾಗಿ ಗಾಯ ಆದ್ರೆ ಪರಿಹಾರ ಕೊಡೋ ಹೊಣೆ ಮಾಲೀಕನದ್ದು. ಕೈ ತಪ್ಪಿತು, ಗಮನ ಎಲ್ಲೋ ಇತ್ತು, ಆತುರ ಮಾಡಿದ, ಇವು ಯಾವುವೂ ಆ ಹೊಣೆಯನ್ನ ತಪ್ಪಿಸಲ್ಲ. ವಿನಾಯಿತಿ ಇರೋದು ಕೆಲವಕ್ಕೆ ಮಾತ್ರ: ಕುಡಿದು ಅಥವಾ ನಶೆಯಲ್ಲಿ ಇದ್ದದ್ದು, ಸುರಕ್ಷತೆಗೆ ಅಂತ ಕೊಟ್ಟ ಆದೇಶವನ್ನ ಬೇಕಂತಲೇ ಮೀರಿದ್ದು, ಗಾರ್ಡನ್ನ ಬೇಕಂತಲೇ ತೆಗೆದಿದ್ದು. ಆ ಗಾಯದಿಂದ ಜೀವ ಹೋದ್ರೆ ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯ ಬಂದ್ರೆ ಈ ವಿನಾಯಿತಿಯೂ ನಡೆಯಲ್ಲ.

"ನಾಲ್ಕೇ ಜನ ಇರೋ ಗ್ಯಾರೇಜಿಗೆ ಕಾನೂನು ಎಲ್ಲಿ ಬರುತ್ತೆ?" ಬರುತ್ತೆ. ಫ್ಯಾಕ್ಟರಿ ಕಾಯ್ದೆಯಲ್ಲಿ "ತಯಾರಿಕಾ ಪ್ರಕ್ರಿಯೆ" ಅಂದ್ರೆ ರಿಪೇರಿ, ಆಯಿಲಿಂಗ್, ತೊಳೆಯೋದು ಎಲ್ಲಾ ಸೇರುತ್ತೆ. ಅಂಥ ಕೆಲಸ ನಡೆಯೋ ಜಾಗದವರನ್ನ ಪರಿಹಾರ ಕಾಯ್ದೆ ಒಳಗೆ ತಗೊಂಡಿದೆ. ಇಷ್ಟು ಜನ ಇದ್ರೆ ಮಾತ್ರ ಅನ್ನೋ ಮಿತಿಯನ್ನ 2009ರ ತಿದ್ದುಪಡಿ ತೆಗೆದುಹಾಕ್ತು.

ಆಮೇಲೆ ಆ ಸ್ಟಾಂಪ್ ಪೇಪರ್. ಸೆಕ್ಷನ್ 17 ಓದಿದ ದಿನ ನಾನು ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಪರಿಹಾರದ ಹಕ್ಕನ್ನ ಬಿಟ್ಟುಕೊಡ್ತೀನಿ ಅಂತ ನೌಕರ ಬರೆದುಕೊಟ್ಟ ಕರಾರು ಕಾನೂನಿನ ಮುಂದೆ ಅನೂರ್ಜಿತ. ನನ್ನ ಹೆಬ್ಬೆಟ್ಟಿಗೆ ಆ ಹಕ್ಕನ್ನ ಮಾರೋ ಅಧಿಕಾರವೇ ಇರಲಿಲ್ಲ.

ಭಾಗ 6/10

ಲೆಕ್ಕದ ಪೋಸ್ಟ್. ಸೇವ್ ಮಾಡ್ಕೊಳ್ಳಿ.

ಕಾಯ್ದೆಯ ಕೊನೆಗೆ ಒಂದು ಪಟ್ಟಿ ಇದೆ. ಯಾವ ಬೆರಳಿಗೆ ಎಷ್ಟು ಶೇಕಡಾ ಅಂತ. ಓದೋಕೆ ಮಾಂಸದ ಅಂಗಡಿ ರೇಟ್ ಬೋರ್ಡಿನ ಹಾಗೆ ಇದೆ, ಆದ್ರೂ ಓದಿ.

ಹೆಬ್ಬೆರಳು ಪೂರ್ತಿ: ಶೇ. 30
ತೋರುಬೆರಳು ಪೂರ್ತಿ: ಶೇ. 14, ಎರಡು ಗೆಣ್ಣು: ಶೇ. 11, ಒಂದು ಗೆಣ್ಣು: ಶೇ. 9
ಮಧ್ಯದ ಬೆರಳು ಪೂರ್ತಿ: ಶೇ. 12
ಉಂಗುರದ ಬೆರಳು ಅಥವಾ ಕಿರುಬೆರಳು ಪೂರ್ತಿ: ಶೇ. 7
ಒಂದೇ ಕೈಯ ಎರಡು ಬೆರಳು: ಶೇ. 20, ಮೂರು: ಶೇ. 30, ನಾಲ್ಕು: ಶೇ. 50

ಇದು ಗಳಿಸೋ ಶಕ್ತಿಯಲ್ಲಿ ಎಷ್ಟು ಹೋಯ್ತು ಅನ್ನೋ ಲೆಕ್ಕ. ಸೂತ್ರ ಹೀಗೆ: ತಿಂಗಳ ಸಂಬಳದ ಶೇ. 60, ಗುಣಿಸು ವಯಸ್ಸಿನ ಅಂಕ, ಅದರಲ್ಲಿ ಮೇಲಿನ ಶೇಕಡಾ.

ನನ್ನದು: 10,000ದ ಶೇ. 60 ಅಂದ್ರೆ 6,000. ವಯಸ್ಸು 19ಕ್ಕೆ ಅಂಕ 225.22. ಗುಣಿಸಿದ್ರೆ 13,51,320. ಅದರಲ್ಲಿ ಶೇ. 11 ಅಂದ್ರೆ 1,48,645 ರೂಪಾಯಿ.

ಕೊಟ್ಟಿದ್ದು 20,000. "ಮಾನವೀಯತೆಯಿಂದ".

ಇದರ ಜೊತೆ ಚಿಕಿತ್ಸೆಗೆ ಆದ ನಿಜವಾದ ಖರ್ಚು ಬೇರೆ, ಅದೂ ಮಾಲೀಕನದ್ದೇ. ಒಂದು ತಿಂಗಳೊಳಗೆ ಪರಿಹಾರ ಕೊಡದಿದ್ರೆ ವರ್ಷಕ್ಕೆ ಶೇ. 12 ಬಡ್ಡಿ. ಸರಿಯಾದ ಕಾರಣ ಇಲ್ಲದೆ ತಡ ಮಾಡಿದ್ರೆ ದಂಡವಾಗಿ ಪರಿಹಾರದ ಅರ್ಧದವರೆಗೂ ಹಾಕಬಹುದು.

ಈ ಪಟ್ಟಿಯ ಮೇಲೂ ನನಗೆ ಸಿಟ್ಟಿದೆ. ಬಲಗೈ, ಎಡಗೈ ಎರಡಕ್ಕೂ ಒಂದೇ ರೇಟು. ಆಫೀಸಲ್ಲಿ ಕೂರೋರಿಗೂ ನಟ್ಟು ಹುಡುಕೋರಿಗೂ ಒಂದೇ ರೇಟು. ಕಣ್ಣಿಗೆ ಕಾಣದ ಜಾಗದಲ್ಲಿ ಬೋಲ್ಟಿನ ಮೊದಲ ಥ್ರೆಡ್ ಕೂರಿತೋ ಇಲ್ಲವೋ ಅಂತ ಹೇಳೋದು ತೋರುಬೆರಳ ತುದಿ. ಅದು ಹೋದ ಮೆಕ್ಯಾನಿಕ್‌ಗೆ ಹೋಗಿದ್ದು ಬರೀ ಶೇ. 11 ಅಂತ ಯಾರು ಹೇಳ್ತಾರೆ?

ಕೋರ್ಟು ಇದನ್ನ ಒಂದು ಸಲ ಚೆನ್ನಾಗಿ ಹೇಳಿದೆ. ಒಬ್ಬ ಬಡಗಿ, ಸಿನಿಮಾ ಹಾಲಿನ ಕೆಲಸದಲ್ಲಿ ಬಿದ್ದು, ಎಡಗೈ ಮೊಣಕೈಯಿಂದ ಮೇಲಕ್ಕೆ ಕತ್ತರಿಸಬೇಕಾಯ್ತು. ಒಂದೇ ಕೈಯಲ್ಲಿ ಬಡಗಿ ಕೆಲಸ ಮಾಡೋಕೆ ಆಗಲ್ಲ, ಹಾಗಾಗಿ ಇದು ಪೂರ್ಣ ಅಂಗವೈಕಲ್ಯ ಅಂತ ತೀರ್ಮಾನ ಆಯ್ತು. 1975ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಪ್ರತಾಪ್ ನಾರಾಯಣ್ ಸಿಂಗ್ ದೇವ್ ವಿರುದ್ಧ ಶ್ರೀನಿವಾಸ್ ಸಬಾತಾ. ಎಷ್ಟು ಬೆರಳು ಅಂತ ಎಣಿಸಿದ್ರೆ ಸಾಲದು, ಆ ಕೈ ಏನು ಕೆಲಸ ಮಾಡ್ತಿತ್ತು ಅಂತಾನೂ ನೋಡಬೇಕು.

ಭಾಗ 7/10

ಅಪ್ರೆಂಟಿಸ್‌ಗೆ ಹೋಗ್ತಿರೋ ಜೂನಿಯರ್‌ಗಳಿಗೆ ಈ ಪೋಸ್ಟು.

"ನೀವು ವರ್ಕರ್ ಅಲ್ಲ, ಟ್ರೈನಿ. ನಿಮಗೆ ಕಾಂಪೆನ್ಸೇಷನ್ ಬರಲ್ಲ" ಅಂತ ಯಾರಾದ್ರೂ ಹೇಳಿದ್ರೆ ಅರ್ಧ ಮಾತ್ರ ನಿಜ. 1961ರ ಅಪ್ರೆಂಟಿಸ್ ಕಾಯ್ದೆಯ ಸೆಕ್ಷನ್ 18 ನಿಮ್ಮನ್ನ ಟ್ರೈನಿ ಅನ್ನುತ್ತೆ. ಅದೇ ಕಾಯ್ದೆಯ ಸೆಕ್ಷನ್ 16 ತರಬೇತಿಯಲ್ಲಿ ಗಾಯ ಆದ್ರೆ ಮಾಲೀಕ ಪರಿಹಾರ ಕೊಡಬೇಕು ಅನ್ನುತ್ತೆ. ಹದಿನೆಂಟನ್ನ ಓದಿ ಹೇಳೋರು ಹದಿನಾರನ್ನ ಹಾರಿಸಿಬಿಡ್ತಾರೆ.

ನಿಮ್ಮ ಸರ್ವಿಸ್ ಸೆಂಟರಲ್ಲಿ 10 ಅಥವಾ ಹೆಚ್ಚು ಜನ ಕೆಲಸ ಮಾಡ್ತಿದ್ದು, ನೀವು ತಿಂಗಳಿಗೆ 21,000ದವರೆಗೆ ಸಂಬಳ ತಗೊಳ್ಳೋ ನೌಕರ ಆಗಿದ್ರೆ ದಾರಿ ಬೇರೆ, ಅದು ಇಎಸ್‌ಐ. ಅಲ್ಲಿ ಚಿಕಿತ್ಸೆ ಸಿಗುತ್ತೆ, ಕೆಲಸಕ್ಕೆ ಹೋಗೋಕೆ ಆಗದ ದಿನಗಳಿಗೆ ಸಂಬಳದ ಸುಮಾರು ಶೇ. 90 ಸಿಗುತ್ತೆ, ಶಾಶ್ವತ ನಷ್ಟಕ್ಕೆ ಜೀವನ ಪೂರ್ತಿ ತಿಂಗಳ ಹಣ ಬರುತ್ತೆ. ಕೆಲಸದ ಗಾಯಕ್ಕೆ ಇಷ್ಟು ತಿಂಗಳು ಕಟ್ಟಿರಬೇಕು ಅನ್ನೋ ಷರತ್ತಿಲ್ಲ, ಸೇರಿದ ಮೊದಲ ದಿನದ ಗಾಯಕ್ಕೂ ಇದೆ. ಇಎಸ್‌ಐ ಇದ್ದವರು ಅದೇ ಗಾಯಕ್ಕೆ ಪರಿಹಾರ ಕಾಯ್ದೆಯಲ್ಲಿ ಮತ್ತೆ ಕೇಳೋ ಹಾಗಿಲ್ಲ. ಸೇರೋ ದಿನವೇ ಕೇಳಿ: "ಸಾರ್, ನನ್ನ ಇಎಸ್‌ಐ ನಂಬರ್ ಎಷ್ಟು?" ನಾಚಿಕೆ ಬೇಡ. ಸಂಬಳ ಎಷ್ಟು ಅಂತ ಕೇಳೋಕೆ ನಾಚ್ಕೋತೀರಾ?

ಇನ್ನೊಂದು ವಿಷಯ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1923ರ ಕಾಯ್ದೆ, ಇಎಸ್‌ಐ ಕಾಯ್ದೆ ಎರಡರ ವಿಷಯವೂ ಈಗ ಸಾಮಾಜಿಕ ಭದ್ರತಾ ಸಂಹಿತೆ, 2020ರ ಒಳಗಿದೆ. ನನ್ನ ಅಪಘಾತ ಹಳೇದು, ಹಾಗಾಗಿ ಕೇಸೂ ಹಳೇ ಕಾಯ್ದೆಯದ್ದು. ಹೊಸದರಲ್ಲಿ ಸೆಕ್ಷನ್ ನಂಬರ್ ಬದಲಾಗಿದೆ, ಆದ್ರೆ ಮಾಲೀಕನ ಹೊಣೆ, ಬೆರಳಿನ ಪಟ್ಟಿ, ವಯಸ್ಸಿನ ಅಂಕ ಹಾಗೇ ಇವೆ. "ಆ ಕಾನೂನೇ ಹೋಯ್ತಲ್ಲ" ಅಂತ ಯಾರಾದ್ರೂ ಅಂದ್ರೆ ನಂಬಬೇಡಿ.

ಭಾಗ 8/10

ಮೊದಲ ಒಂದು ಗಂಟೆ. ಇದನ್ನ ಗ್ಯಾರೇಜ್ ಗ್ರೂಪಿಗೆ ಫಾರ್ವರ್ಡ್ ಮಾಡಿ.

ಕೈಗೆ: ಇಂಜಿನ್ ಆಫ್ ಮಾಡಿ. ಶುಭ್ರ ಬಟ್ಟೆಯಿಂದ ಗಾಯವನ್ನ ಗಟ್ಟಿಯಾಗಿ ಒತ್ತಿ ಹಿಡಿದು ಕೈ ಮೇಲಕ್ಕೆತ್ತಿ. ಅರಿಶಿನ, ಕಾಫಿಪುಡಿ, ಗ್ರೀಸ್ ಯಾವುದೂ ಬೇಡ. ಉಂಗುರ ಇದ್ರೆ ಊದೋ ಮೊದಲು ತೆಗೆಯಿರಿ.

ತುಂಡಾದ ಭಾಗಕ್ಕೆ: ಬಿಸಾಡಬೇಡಿ. ಶುದ್ಧ ನೀರಲ್ಲಿ ಮೆಲ್ಲಗೆ ತೊಳೆದು, ಒದ್ದೆ ಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಬಿಗಿಯಾಗಿ ಕಟ್ಟಿ. ಆ ಕವರನ್ನ ಐಸು, ನೀರು ಇರೋ ಇನ್ನೊಂದು ಕವರಲ್ಲಿ ಇಡಿ. ಐಸು ನೇರ ಬೆರಳಿಗೆ ತಾಗಬಾರದು. ಜಜ್ಜಿ ಹೋಗಿದ್ರೆ ಸೇರಿಸೋದು ಕಷ್ಟ, ಆದ್ರೆ ಅದನ್ನ ತೀರ್ಮಾನ ಮಾಡೋದು ಡಾಕ್ಟ್ರು, ಮೇಸ್ತ್ರಿ ಅಲ್ಲ.

ಸಣ್ಣ ತೂತಿಗೆ: ಗ್ರೀಸ್ ಗನ್ ಅಥವಾ ಡೀಸೆಲ್ ಇಂಜೆಕ್ಟರ್ ಚಿಮ್ಮಿ ಬೆರಳಲ್ಲಿ ಸೂಜಿ ಚುಚ್ಚಿದಷ್ಟು ತೂತಾದ್ರೆ ನಗಬೇಡಿ. ಒಳಗೆ ಆಯಿಲ್ ನುಗ್ಗಿರುತ್ತೆ. ನೋವು ಆಮೇಲೆ ಬರುತ್ತೆ, ಬೆರಳೇ ಹೋಗಬಹುದು. ಅದೇ ಗಂಟೆ ಆಸ್ಪತ್ರೆಗೆ ಹೋಗಿ, "ಹೈ ಪ್ರೆಶರ್‌ನಲ್ಲಿ ಒಳಗೆ ಹೋಗಿದೆ" ಅಂತ ಬಾಯಿಬಿಟ್ಟು ಹೇಳಿ.

ಬಾಯಿಗೆ: ಒಂದೇ ವಾಕ್ಯ. "ಗ್ಯಾರೇಜಲ್ಲಿ ಕೆಲಸ ಮಾಡುವಾಗ ಆಯ್ತು." ಎಲ್ಲಿ, ಯಾವ ಗಾಡಿ, ಎಷ್ಟು ಹೊತ್ತಿಗೆ. ಚೀಟಿಯಲ್ಲಿ ಹಾಗೇ ಬರೆದಿದ್ದಾರಾ ನೋಡಿ, ಫೋಟೋ ತೆಗೀರಿ. ಜೊತೆಗೆ ಹೋದ ಫ್ರೆಂಡಿಗೆ ಈ ಕೆಲಸ ಕೊಡಿ, ನಿಮಗೆ ಆಗ ಪ್ರಜ್ಞೆ ನೆಟ್ಟಗಿರಲ್ಲ.

ಫೋನಿಗೆ: ಸಂಬಳ ಬಂದ ಯುಪಿಐ ಹಿಸ್ಟರಿ, ಓನರ್ ಕಳಿಸಿದ ವಾಟ್ಸಾಪ್ ಮೆಸೇಜು, ಯೂನಿಫಾರಂನಲ್ಲಿರೋ ಫೋಟೋ ಯಾವುದನ್ನೂ ಡಿಲೀಟ್ ಮಾಡಬೇಡಿ. ಸಂಬಳ ಕ್ಯಾಶಲ್ಲಿ ಕೊಡ್ತಾರಾ? ಪ್ರತಿ ತಿಂಗಳು "ಅಣ್ಣ, 10,000 ಬಂತು" ಅಂತ ಒಂದು ಮೆಸೇಜ್ ಹಾಕಿ. ಅದೇ ನಿಮ್ಮ ಪೇ ಸ್ಲಿಪ್ಪು.

ಸಹಿಗೆ: ಓದದೆ, ಮನೆಯವರಿಗೆ ತೋರಿಸದೆ ಏನಕ್ಕೂ ಇಲ್ಲ.

ಆಮೇಲೆ: ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲ 15100ಕ್ಕೆ ಫೋನ್ ಮಾಡಿ. ಕೈಗಾರಿಕಾ ಕಾರ್ಮಿಕರಿಗೆ, ಅಂಗವೈಕಲ್ಯ ಇರೋರಿಗೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ವಕೀಲರು ಉಚಿತ. ಹಳೇ ಕಾಯ್ದೆ ಕ್ಲೇಮಿಗೆ ಎರಡು ವರ್ಷ ಕೊಟ್ಟಿತ್ತು. ನೀವು ಎರಡು ವಾರವೂ ಕಾಯಬೇಡಿ.

ಭಾಗ 9/10

ಡಿಎಂಗಳಲ್ಲಿ ಬಂದ ಬೈಗುಳಕ್ಕೆ ಉತ್ತರ.

"ಚಿಕ್ಕ ಗ್ಯಾರೇಜು ಗುರು, ಅವನು ಲಕ್ಷ ಎಲ್ಲಿಂದ ತರ್ತಾನೆ?" ಒಳ್ಳೇ ಪ್ರಶ್ನೆ. ಅದಕ್ಕೆ ಅಂತಲೇ ಎಂಪ್ಲಾಯೀಸ್ ಕಾಂಪೆನ್ಸೇಷನ್ ಪಾಲಿಸಿ ಇದೆ. ನೌಕರನಿಗೆ ಗಾಯ ಆದ್ರೆ ಇನ್ಶೂರೆನ್ಸ್ ಕಂಪನಿ ಕಟ್ಟಿಕೊಡುತ್ತೆ, ಓನರ್ ಮನೆ ಮಾರಬೇಕಾಗಿಲ್ಲ. ದಿನಾ ಬೆಳಗ್ಗೆ ಗಿರಾಕಿ ಹತ್ರ "ಇನ್ಶೂರೆನ್ಸ್ ಇದೆಯಾ ಸಾರ್?" ಅಂತ ಕೇಳೋ ಗ್ಯಾರೇಜು ತನ್ನ ಹುಡುಗರಿಗೆ ಮಾತ್ರ ಮಾಡಿಸಿರಲ್ಲ. ಬೈಕಿನ ಬಂಪರ್‌ಗೆ ಇರೋ ಪಾಲಿಸಿ ಬೆರಳಿಗೆ ಯಾಕಿಲ್ಲ?

"ಗಾಯ ಆಗದೆ ಯಾರೂ ಮೆಕ್ಯಾನಿಕ್ ಆಗಲ್ಲ." ಇದು ನಮ್ಮ ಲೈನಿನ ಗಾದೆ ಆಗಿಬಿಟ್ಟಿದೆ. ನಮ್ಮ ಓನರ್ ಅಣ್ಣನ ಎಡಗೈ ಕಿರುಬೆರಳೂ ಅರ್ಧ ಇಲ್ಲ, ಫ್ಯಾನ್ ಬೆಲ್ಟಿಗೆ ಹೋಗಿದ್ದು. ಅವನ ಉಸ್ತಾದ್ ಅವನಿಗೆ ಏನೂ ಕೊಟ್ಟಿರಲಿಲ್ಲ. ಅದನ್ನ ಅವನು ಮೆಡಲ್ ಥರ ತೋರಿಸ್ತಿದ್ದ, ನಾವೂ ಬಾಯಿ ಬಿಟ್ಕೊಂಡು ನೋಡ್ತಿದ್ವಿ. ಅವನಿಗೆ ಸಿಗದ್ದು ನನಗೂ ಸಿಗಬಾರದು ಅನ್ನೋದೇ ಸಂಪ್ರದಾಯ ಆದ್ರೆ ಆ ಸಂಪ್ರದಾಯ ನನ್ನ ಕೈಗೇ ಮುಗೀಲಿ.

ಗಾಯ ಇಲ್ಲದೆ ಮೆಕ್ಯಾನಿಕ್ ಆಗಬಹುದು. ಜಾಕಿ ಒಂದನ್ನೇ ನಂಬದೆ ಸ್ಟಾಂಡ್ ಕೊಡಿ. ಕಾರಿನ ಇಂಜಿನ್ ಆಫ್ ಆದ ಮೇಲೂ ರೇಡಿಯೇಟರ್ ಫ್ಯಾನು ತಾನಾಗೇ ತಿರುಗಬಹುದು, ಕೈ ಹಾಕೋ ಮೊದಲು ಕನೆಕ್ಟರ್ ತೆಗೀರಿ. ಬ್ಯಾಟರಿ ಮುಟ್ಟೋ ಮೊದಲು ಉಂಗುರ, ವಾಚು, ಕೈಕಡಗ ಬಿಚ್ಚಿ. ಶಾರ್ಟ್ ಆದ್ರೆ ಉಂಗುರ ಕಾದ ಕಬ್ಬಿಣ ಆಗುತ್ತೆ. ತಿರುಗೋ ಭಾಗದ ಹತ್ರ ಬಟ್ಟೆಯ ಗ್ಲೌಸ್ ಹಾಕಬೇಡಿ, ಅದೇ ನಿಮ್ಮನ್ನ ಒಳಗೆ ಎಳೆಯುತ್ತೆ. ಗ್ರೈಂಡರಿನ ಗಾರ್ಡ್ ಬಿಚ್ಚಬೇಡಿ. ಇದರಲ್ಲಿ ಯಾವುದಕ್ಕೂ ಸಾವಿರಗಟ್ಟಲೆ ಖರ್ಚಿಲ್ಲ. ಆಗೋ ಖರ್ಚು ಟೈಮು ಮಾತ್ರ. ಎರಡು ನಿಮಿಷದ ಚೈನ್ ಕ್ಲೀನಿಂಗ್ ಹುಟ್ಟಿದ್ದೂ ಆ ಟೈಮಿಗಾಗಿಯೇ.

"ಕೆಲಸ ಕಲಿಸಿದವನ ಮೇಲೆ ಕೇಸ್ ಹಾಕ್ದೆ, ನಾಚಿಕೆ ಆಗಲ್ವಾ?" ಆಗ್ತಿತ್ತು. ಹದಿನಾರು ತಿಂಗಳು ನಾಚಿಕೊಂಡೇ ಸುಮ್ಮನಿದ್ದೆ. ಕೈಯನ್ನ ಜೇಬಲ್ಲಿಟ್ಟುಕೊಂಡು ಓಡಾಡ್ತಿದ್ದೆ, ಕ್ಲಾಸ್ ಫೋಟೋದಲ್ಲೂ ಹಿಂದೆ ಕಟ್ಕೊಂಡು ನಿಂತಿದ್ದೆ, ತೆಗೆದು ನೋಡಿ. ನಾಚಿಕೆ ಆಗಬೇಕಾಗಿದ್ದು ನನಗಾ?

ಭಾಗ 10/10

2024ರ ಜುಲೈಯಲ್ಲಿ ಕ್ಲೇಮ್ ಹಾಕಿದ್ವಿ. ನಮ್ಮ ರಾಜ್ಯದಲ್ಲಿ ಇಂಥ ಕೇಸುಗಳನ್ನ ಹಿರಿಯ ಸಿವಿಲ್ ನ್ಯಾಯಾಧೀಶರು ಕಮಿಷನರ್ ಆಗಿ ಕೇಳ್ತಾರೆ. ಎದುರು ಕಡೆಯವರ ವಾದ ಎರಡು. ಒಂದು: ಆಸ್ಪತ್ರೆ ಚೀಟಿಯಲ್ಲಿ "ಮನೆ ಗೇಟು" ಅಂತಿದೆ, ಗ್ಯಾರೇಜಿಗೆ ಸಂಬಂಧವೇ ಇಲ್ಲ. ಎರಡು: ಗ್ಯಾರೇಜಲ್ಲೇ ಆಗಿದ್ರೂ ಚೈನ್ ಕವರ್ ತೆಗೆದವನು ಇವನೇ, ಬೇಕಂತಲೇ.

ಒಂದೇ ಬೆರಳು ಒಂದು ವಾದದಲ್ಲಿ ಮನೇಲಿ ಹೋಗುತ್ತೆ, ಇನ್ನೊಂದರಲ್ಲಿ ಗ್ಯಾರೇಜಲ್ಲಿ ಹೋಗುತ್ತೆ. ನಗು ಬರುತ್ತೆ. ಕಟಕಟೆಯಲ್ಲಿ ನಿಂತಾಗ ಬರಲ್ಲ. "ನೀವು ಡಾಕ್ಟರಿಗೆ ಸುಳ್ಳು ಹೇಳಿದ್ದು ನಿಜವೇ?" ಅಂತ ಕೇಳಿದಾಗ ನಾನು "ನಿಜ" ಅನ್ನಬೇಕು. ನನ್ನ ವಕೀಲೆ ಮೇಡಂ ನಮ್ಮ ಮನೆಗೇ ಬಂದು ಮುಂಭಾಗದ ಫೋಟೋ ತೆಗೆಸಿ ಹಾಜರು ಮಾಡಿದ್ದಾರೆ. ಗೇಟಿಲ್ಲದ ಮನೆಯ ಫೋಟೋ. ನೀವು ಮೂರನೇ ಪೋಸ್ಟಲ್ಲಿ ನೋಡಿದ್ದು ಅದೇ.

ಅವತ್ತು ಗ್ಯಾರೇಜಲ್ಲಿದ್ದ ಇಬ್ಬರು ಸಾಕ್ಷಿ ಹೇಳಲ್ಲ ಅಂದ್ರು. ಅವರಿಗೂ ಮನೆ ಇದೆ, ನನಗೆ ಸಿಟ್ಟಿಲ್ಲ. ಮೂರನೆಯವನು, ನನ್ನ ಜಾಗಕ್ಕೆ ಬಂದ ಹುಡುಗ, ಹೋದ ತಿಂಗಳು ಫೋನ್ ಮಾಡಿದ್ದ. ಅವನು ಅವತ್ತು ಅಲ್ಲಿರಲಿಲ್ಲ. ಆದ್ರೆ ಚೈನನ್ನ ಈಗಲೂ ಹಾಗೇ ಕ್ಲೀನ್ ಮಾಡಿಸ್ತಾರೆ ಅಂತ ಬಂದು ಹೇಳ್ತೀನಿ ಅಂದ. "ನನ್ನ ಬೆರಳು ಇನ್ನೂ ಇದೆ ಅಣ್ಣ, ಅದಕ್ಕೇ ಹೇಳ್ತೀನಿ" ಅಂದ. ಕೇಸು ನಡೀತಾ ಇದೆ. ಏನಾದ್ರೂ ಆಗಲಿ, ಇಲ್ಲೇ ಬರೀತೀನಿ.

ನಮ್ಮ ಬ್ಯಾಚಿನವರೇ, ನಿಮ್ಮ ಹತ್ರ ಕೇಳೋದು ಮೂರೇ. ಆ ರೀಲ್‌ಗೆ ಲೈಕ್ ಒತ್ತಬೇಡಿ. ಕೆಲಸಕ್ಕೆ ಸೇರೋ ದಿನವೇ ಇಎಸ್‌ಐ ಇದೆಯಾ, ಪಾಲಿಸಿ ಇದೆಯಾ ಅಂತ ಕೇಳಿ. ಒಬ್ಬರೇ ಕೇಳಿದ್ರೆ ಕೊಬ್ಬು ಅಂತಾರೆ, ಹತ್ತು ಜನ ಕೇಳಿದ್ರೆ ಮಾಡಿಸ್ತಾರೆ. ಯಾರಿಗಾದ್ರೂ ಗಾಯ ಆದ್ರೆ ಓನರ್ ಜೊತೆ ಅವನೊಬ್ಬನನ್ನೇ ಆಸ್ಪತ್ರೆಗೆ ಕಳಿಸಬೇಡಿ. ಬೈಕಲ್ಲಿ ಜಾಗ ಇಲ್ಲ ಅಂದ್ರೆ ಹಿಂದೆ ಆಟೋ ಹಿಡಿದು ಹೋಗಿ, ಕ್ಯಾಶುಯಾಲ್ಟಿ ಕೌಂಟರಲ್ಲಿ ಅವನ ಪಕ್ಕ ನಿಂತ್ಕೊಳ್ಳಿ.

ಆಯುಧಪೂಜೆ ದಿನ ನಾವು ಸ್ಪ್ಯಾನರಿಗೆ, ಜಾಕಿಗೆ, ಕಂಪ್ರೆಸರಿಗೆ ಎಲ್ಲಾ ಕುಂಕುಮ ಇಡ್ತೀವಿ. ಅವನ್ನ ಹಿಡಿಯೋ ಕೈಗೂ ಒಂದು ಲೆಕ್ಕ ಇದೆ, ಸೆಕ್ಷನ್ ಇದೆ, ಬೆಲೆ ಇದೆ. ಡಾಕ್ಟ್ರು "ಹೇಗಾಯ್ತು?" ಅಂತ ಕೇಳಿದಾಗ ನಿಜ ಹೇಳಿ.

ನಾನು ಹೇಳಲಿಲ್ಲ. ಅದಕ್ಕೇ ಇಷ್ಟುದ್ದ ಬರೀಬೇಕಾಯ್ತು. ಟೈಪ್ ಮಾಡಿದ್ದು ಎಡಗೈಯಲ್ಲಿ.

#ಗೇಟೇಇಲ್ಲ #ಗ್ಯಾರೇಜ್‌ಹುಡುಗರು #ಕೈಗೂಹಕ್ಕಿದೆ #ಐಟಿಐಕನ್ನಡ